ಬೋರ್‌ವೆಲ್ ಹಗ್ಗ ಕಟ್ಟಿಕೊಂಡು ಸಮುದ್ರಕ್ಕಿಳಿದದ್ದು

ನಮ್ಮ ಕಡೆಯವರಿಗೆ ನೀರು ಅಂದರೆ ನೆಲದ ಕೆಳಗಿನಿಂದ ಬರುವಂಥದ್ದು. ನೂರಾರು ಅಡಿ ಕೊರೆಸಿ, ಮೈತುಂಬ ದೂಳು ಬಳಿದುಕೊಂಡು, ಕಡೆಗೆ ಎರಡಿಂಚು ನೀರು ಬಿದ್ದರೆ ಬೀದಿಗೆಲ್ಲ ಸಿಹಿ ಹಂಚುವ ಜನ ನಾವು. ಅಂಥ ಊರಿನ ಹೆಂಗಸೊಬ್ಬಳು, ಐವತ್ತರ ಹತ್ತಿರ ಬಂದವಳು, ಹೊಸದುರ್ಗದಲ್ಲಿ ಬ್ಲೌಸು ಹೊಲಿದು ಬದುಕುವವಳು, ನಾನು ಕಯಾಕಿನಲ್ಲಿ ಕೂತು ಸಮುದ್ರದ ಅಲೆಯ ಮೇಲೆ ಸವಾರಿ ಮಾಡಿದೆ ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನೇನು ಚುನಾವಣೆಗೆ ನಿಂತಿಲ್ಲ.

ಇದೆಲ್ಲ ಶುರುವಾದದ್ದು ಎದೆಯಲ್ಲಿ ಕೈಗೆ ಸಿಕ್ಕ ಒಂದು ಗಂಟಿನಿಂದ. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಎಡಗಡೆಯ ಸ್ತನ ತೆಗೆದರು, ಕಂಕುಳಿನವರೆಗೂ ಕೊಯ್ದರು. ಆಮೇಲಿನ ಔಷಧಿಗೆ ತಲೆಗೂದಲು ಹೋಯಿತು. ಕೂದಲು ವಾಪಸು ಬಂತು, ಮೊದಲಿಗಿಂತ ಚೆನ್ನಾಗಿಯೇ ಬಂತು. ಎಡಗೈ ಮಾತ್ರ ಹೆಗಲಿನ ಮಟ್ಟಕ್ಕಿಂತ ಮೇಲೇಳುವುದಿಲ್ಲ ಎಂದು ಹಠ ಹಿಡಿದು ಕೂತಿತು. ಡಾಕ್ಟರು ಕಾಗದಗಳನ್ನೆಲ್ಲ ತಿರುವಿ ಹಾಕಿ, ರೋಗ ಹೋಗಿದೆ, ಇನ್ನು ಮಾಮೂಲಿನ ಹಾಗೆ ಇರಿ ಅಂದರು. ಆ ಮಾತನ್ನು ಅವರು ನನಗೆ ಹೇಳುವ ಬದಲು ನಮ್ಮ ಮನೆಯವರನ್ನು ಸಾಲಾಗಿ ಕೂರಿಸಿ ಹೇಳಬೇಕಿತ್ತು.

ಏಕೆಂದರೆ ಮನೆಯಲ್ಲಿ ಯಾವುದೂ ಮಾಮೂಲಾಗಿರಲಿಲ್ಲ. ನೋಡಲು ಬಂದವರೆಲ್ಲ ಬ್ರೆಡ್ಡು, ಸೇಬು ಹಿಡಿದು ಬಂದು, ಕಣ್ಣನ್ನು ನನ್ನ ಮುಖದ ಮೇಲಿಡಬೇಕೋ ಸೆರಗಿನ ಮೇಲಿಡಬೇಕೋ ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರು. ಅತ್ತೆ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡರು. ಬಿಂದಿಗೆಗೆ ಕೈ ಹಾಕಿದರೆ ಸಾಕು, ಗಂಡ ಎಲ್ಲಿದ್ದರೂ ಓಡಿ ಬರುತ್ತಿದ್ದರು. ರಾತ್ರಿ ಮಲಗಿದರೆ ಎಲ್ಲಿ ನನ್ನ ಕೈಗೆ ತಾಗೀತೋ ಎಂದು ಮಂಚದ ಆ ಅಂಚಿಗೆ ಸರಿದು, ಅರ್ಧ ಮೈ ಹೊರಗೇ ಬಿಟ್ಟುಕೊಂಡು ಮಲಗುತ್ತಿದ್ದರು. ಎರಡು ಸಲ ಕೆಳಗೂ ಬಿದ್ದರು. ಡಾಕ್ಟರು ನನ್ನಿಂದ ತೆಗೆದದ್ದು ಒಂದನ್ನು. ಉಳಿದ ನನ್ನನ್ನು ಇವರೆಲ್ಲ ಸೇರಿ, ನೆಂಟರು ಬಂದಾಗ ಮಾತ್ರ ಇಳಿಸುವ ಗಾಜಿನ ಲೋಟದ ಹಾಗೆ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರು. ನನಗೆ ಅಲ್ಲಿಂದ ಇಳಿಯಬೇಕಿತ್ತು. ಕೈ ಎತ್ತಬೇಕಿತ್ತು, ಕತ್ತರಿ ಹಿಡಿಯಬೇಕಿತ್ತು, ಜಗಳವಾಡಿದರೆ ಎದುರು ಜಗಳವಾಡುವ ಗಂಡ ಬೇಕಿತ್ತು.

ಅತ್ತೆ ನನ್ನನ್ನು ಹಾಲುರಾಮೇಶ್ವರಕ್ಕೂ ಕರೆದುಕೊಂಡು ಹೋದರು. ಅಲ್ಲಿಯ ಕೊಳದಲ್ಲಿ ಬೇಡಿಕೊಂಡರೆ ನೀರಿನಿಂದ ಪ್ರಸಾದ ತೇಲಿ ಬರುತ್ತದೆ. ನಮಗೂ ಹೂವು ಬಂತು, ಅತ್ತೆಗೆ ಸಮಾಧಾನವಾಯಿತು. ಎರಡೂ ಕೈ ತಲೆಯ ಮೇಲೆತ್ತಿ ಮುಗಿಯಮ್ಮ ಅಂದರು. ನಾನು ಒಂದೇ ಕೈ ಎತ್ತಿದೆ, ಕ್ಲಾಸಿನಲ್ಲಿ ಒಂದಕ್ಕೆ ಬಿಡಿ ಎಂದು ಕೇಳುವ ಹುಡುಗಿಯ ಹಾಗೆ. ಶಿವನಿಗೆ ಅರ್ಥವಾಗಿರಬಹುದು.

ನನ್ನ ಟೈಲರಿಂಗ್ ಅಂಗಡಿಯ ಪಕ್ಕದಲ್ಲಿ ಒಂದು ಫೈಬರ್ ವರ್ಕ್‌ಶಾಪ್ ಇದೆ. ಅದರ ಯಜಮಾನನನ್ನು ನಾವೆಲ್ಲ ಭಾಯ್ ಅನ್ನುತ್ತೇವೆ. ಅವನ ತಾತ, ಮುತ್ತಾತ ಚಿತ್ರದುರ್ಗದ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಇವನು ಫೈಬರಿನಲ್ಲಿ ನೀರಿನ ತೊಟ್ಟಿ, ಬಚ್ಚಲ ಬಾಗಿಲು, ಶಾಲೆಯ ಜಾರುಬಂಡೆ, ಏನು ಕೇಳಿದರೂ ಮಾಡಿಕೊಡುತ್ತಾನೆ. ಕರಾವಳಿಯಲ್ಲಿ ಪ್ರವಾಸಿಗರನ್ನು ಸಮುದ್ರಕ್ಕೆ ಕರೆದೊಯ್ಯುವವನೊಬ್ಬ ಇವನಿಗೆ ಆರು ಕಯಾಕ್ ಮಾಡಿಕೊಡಲು ಹೇಳಿದ. ಕಯಾಕ್ ಅಂದರೆ ಒಬ್ಬರೇ ಕೂತು, ಎರಡೂ ತುದಿಗೆ ಹಲಗೆಯಿರುವ ಹುಟ್ಟು ಹಾಕಿಕೊಂಡು ಹೋಗುವ ಉದ್ದನೆಯ ಸಣ್ಣ ದೋಣಿ. ಆರನೆಯದನ್ನು ಗಡಿಬಿಡಿಯಲ್ಲಿ ಪೂರಾ ಒಣಗುವ ಮೊದಲೇ ಅಚ್ಚಿನಿಂದ ಬಿಡಿಸಿದ್ದರಿಂದ ಅದು ಸೊಟ್ಟಗಾಗಿತ್ತು. ನೇರ ಬಿಟ್ಟರೆ ಎಡಕ್ಕೆ ಎಳೆಯುತ್ತದೆ ಎಂದು ಕರಾವಳಿಯವನು ಬೇಡವೆಂದ.

"ಅಕ್ಕಾ, ಇದು ರಿಜೆಕ್ಟ್ ಪೀಸು. ಎರಡು ದಿನ ನಿಮ್ ಗೋಡೆಗೆ ಒರಗಿಸ್ಲಾ?" ಎಂದು ಭಾಯ್ ಕೇಳಿದ.

"ಒಳಗೂ ಒಂದು ರಿಜೆಕ್ಟ್ ಪೀಸ್ ಕುಂತೈತೆ. ಜೋಡಿಯಾತು, ಒರಗಿಸಪ್ಪ," ಅಂದೆ. ಅವನು ತಲೆ ಕೆರೆದುಕೊಂಡ. ನನ್ನ ಕಾಯಿಲೆಯ ವಿಷಯದಲ್ಲಿ ನಾನೇ ನಗೆಯಾಡಿದರೆ ಜನರಿಗೆ ಎಲ್ಲಿಲ್ಲದ ಸಂಕಟ.

ಎರಡು ದಿನ ಅಂದದ್ದು ಮೂರು ತಿಂಗಳಾಯಿತು. ಅಷ್ಟರಲ್ಲಿ ಫಿಸಿಯೋಥೆರಪಿಯವಳು ನನಗೆ ಒಂದು ಕೋಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಹೀಗೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿ ಎಂದು ಹೇಳಿಕೊಟ್ಟಿದ್ದಳು. ಗೋಡೆಯ ಮುಂದೆ ನಿಂತು ಕೋಲು ತಿರುಗಿಸಿ ತಿರುಗಿಸಿ ನನಗೆ ತಲೆ ಕೆಟ್ಟು ಹೋಗಿತ್ತು. ಒಂದು ದಿನ ಭಾಯ್ ಯಾರಿಗೋ ದೋಣಿಯ ಹುಟ್ಟು ಹಿಡಿದು ತೋರಿಸುತ್ತಿದ್ದ. ನೋಡಿದರೆ ಅದೇ ಕೋಲು, ಅದೇ ತಿರುಗಿಸುವುದು. ಇವನ ಕೋಲಿಗಾದರೂ ಕೆಳಗೆ ನೀರಿರುತ್ತದಲ್ಲ ಅನ್ನಿಸಿತು. ಹುಡುಗಿಯಾಗಿದ್ದಾಗ ಹಿರಿಯೂರಿನ ಕಡೆ ತೋಟದ ಬಾವಿಯಲ್ಲಿ ಈಜು ಕಲಿತವಳು ನಾನು. ಮದುವೆಯಾದ ಮೇಲೆ ನೀರಿಗಿಳಿದಿರಲಿಲ್ಲ, ಯಾರೂ ಇಳಿ ಅಂದಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆ ಎದ್ದು ಒಳಗೆ ಹೋದರು. ಗಂಡ, "ಹಗ್ಗ ಕಟ್ಕಂಡು ಹೋಗದಾದ್ರೆ ಹೋಗಾಣ," ಅಂದರು.

ಈ ಹಗ್ಗದ ಕತೆ ಹೇಳಬೇಕು. ನಮ್ಮನೆಯವರ ಕೆಲಸ ಬೋರ್‌ವೆಲ್ಲಿಗೆ ಮೋಟರ್ ಇಳಿಸುವುದು, ಕೆಟ್ಟರೆ ಮೇಲೆತ್ತುವುದು. ಹೊಳಲ್ಕೆರೆಯಿಂದ ಹಿಡಿದು ಅತ್ತ ಧರ್ಮಪುರದವರೆಗೆ ಅವರಿಗೆ ಕರೆ ಬರುತ್ತದೆ. ಮೋಟರನ್ನು ಪೈಪಿಗೆ ಜೋಡಿಸಿ ಇಳಿಸುವಾಗ ಅದಕ್ಕೊಂದು ನೈಲಾನ್ ಹಗ್ಗವನ್ನೂ ಕಟ್ಟಿ, ಮೇಲಿನ ತುದಿಯನ್ನು ಗಟ್ಟಿಯಾಗಿ ಬಿಗಿಯುತ್ತಾರೆ. ಪೈಪು ಕಳಚಿದರೂ ಮೋಟರ್ ಹಗ್ಗದಲ್ಲಿ ನಿಲ್ಲುತ್ತದೆ. ಹಗ್ಗವಿಲ್ಲದ ಮೋಟರ್ ಕಳಚಿದರೆ ಭೂಮಿಯ ಪಾಲು, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಮೂವತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ, ನೀರಿಗಿಳಿಯುವ ಯಾವುದಕ್ಕೇ ಆಗಲಿ ಹಗ್ಗ ಬೇಕು ಎಂಬುದು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಮನೆಯ ಸಂಪಿನಲ್ಲಿ ಮುಳುಗಿಸುವ ಚೊಂಬಿಗೂ ಹಗ್ಗವಿದೆ.

ಹಾಗಾಗಿ ಮಾರಿಕಣಿವೆ ಡ್ಯಾಮಿನ ಹಿನ್ನೀರಿನಲ್ಲಿ, ಹೊಸದುರ್ಗದ ಕಡೆಯ ದಡದಲ್ಲಿ, ದೋಣಿಯ ಹಿಂಭಾಗಕ್ಕೆ ಬೋರ್‌ವೆಲ್ ಹಗ್ಗ ಕಟ್ಟಿಸಿಕೊಂಡು ನಾನು ಕಯಾಕ್ ಕಲಿತೆ. ಇವರು ದಡದಲ್ಲಿ ಕಲ್ಲಿನ ಮೇಲೆ ಕೂತು, ನಾನು ಹೋದಷ್ಟು ಹಗ್ಗ ಬಿಡುವುದು, ಸಾಕು ಅನ್ನಿಸಿದಾಗ ಎಳೆದುಕೊಳ್ಳುವುದು. ದನ ಮೇಯಿಸಲು ಬಂದವರು ನಿಂತು ನೋಡಿ, "ಏನ್ ಮೀನು ಹಿಡೀತಿದೀರಣ್ಣ?" ಎಂದು ಕೇಳುತ್ತಿದ್ದರು. ಇವರು ಮುಖ ಊದಿಸಿಕೊಂಡು ಹಗ್ಗ ಎಳೆಯುತ್ತಿದ್ದರು.

ದೋಣಿ ಎಡಕ್ಕೆ ಎಳೆಯುತ್ತಿತ್ತು. ಅದನ್ನು ನೇರ ಮಾಡಬೇಕಾದರೆ ಎಡಗಡೆಯೇ ಜೋರಾಗಿ ಹುಟ್ಟು ಹಾಕಬೇಕು. ಎಡಗಡೆ ಹುಟ್ಟು ಹಾಕಬೇಕಾದರೆ ಎಡಗೈ ದುಡಿಯಬೇಕು. ನೆಟ್ಟಗಿರುವ ದೋಣಿಯಾಗಿದ್ದರೆ ಬಲಗೈಯಲ್ಲೇ ಹೇಗೋ ಸಾಗಿಸಿ ಕೈಯನ್ನು ಮೋಸ ಮಾಡುತ್ತಿದ್ದೆ. ಈ ದರಿದ್ರ ದೋಣಿ ಬಿಡಲಿಲ್ಲ. ಮೊದಲ ವಾರ ನೋವಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಸುತ್ತ ನೀರು, ಕೇಳುವವರು ಬೆಳ್ಳಕ್ಕಿಗಳು ಮಾತ್ರ. ಬೈಯಲು ಅಷ್ಟು ಒಳ್ಳೆಯ ಜಾಗ ನನಗೆ ಮನೆಯಲ್ಲಿ ಸಿಕ್ಕಿರಲಿಲ್ಲ. ಎರಡು ತಿಂಗಳಲ್ಲಿ ಕೈ ಕಿವಿಯ ತನಕ ಬಂತು, ನಾಲ್ಕನೇ ತಿಂಗಳಲ್ಲಿ ನಾನೇ ಜಡೆ ಹೆಣೆದುಕೊಂಡೆ. ಅಂಗಡಿಯಲ್ಲಿ ಒಬ್ಬಳೇ ಕೂತು ಬಿಚ್ಚಿ, ಇನ್ನೊಂದು ಸಲ ಹೆಣೆದೆ. ಅಷ್ಟು ಖುಷಿಯಾಗಿತ್ತು.

ಕೆಲವು ಮಧ್ಯಾಹ್ನ ಗುಡ್ಡದ ಕಡೆಯಿಂದ ಗಾಳಿ ಜೋರಾಗಿ ಬೀಸಿ ಹಿನ್ನೀರಿನಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಒಂದೊಂದು ಅಲೆ ದೋಣಿಯನ್ನು ಹಿಂದಿನಿಂದ ಎತ್ತಿ ಒಂದು ಮಾರು ಮುಂದೆ ತಳ್ಳುತ್ತಿತ್ತು. ಆ ಒಂದು ಮಾರಿನ ರುಚಿ ಹತ್ತಿತು ನೋಡಿ, ನನಗೆ ಸಮುದ್ರ ಬೇಕು ಅನ್ನಿಸಿಬಿಟ್ಟಿತು.

ಮಳೆಗಾಲ ಮುಗಿದ ಮೇಲೆ ಕರಾವಳಿಯವನು ಭಾಯ್‌ಗೆ ಇನ್ನೂ ಆರು ಕಯಾಕ್ ಮಾಡಲು ಹೇಳಿದ್ದ. ಅವನ್ನು ಗೂಡ್ಸ್ ಗಾಡಿಗೆ ಹೇರಿದ ದಿನ ಏಳನೆಯದಾಗಿ ನನ್ನ ಸೊಟ್ಟ ದೋಣಿಯನ್ನೂ ಹೇರಿಸಿದೆ. ಡ್ರೈವರ್ ಸೀಟಿನಲ್ಲಿ ಭಾಯ್, ಬಾಗಿಲ ಪಕ್ಕ ನಾನು, ನಡುವೆ ನಮ್ಮನೆಯವರು, ಅವರ ತೊಡೆಯ ಮೇಲೆ ಸುತ್ತಿದ ಹಗ್ಗ. ಹೊಳಲ್ಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ನಿಲ್ಲಿಸಿದಾಗ ಗಾಡಿಯ ಸುತ್ತ ಜನ ಸೇರಿದರು. ದನಕ್ಕೆ ನೀರು ಕುಡಿಸುವ ಬಾನಿ ಇರಬೇಕು ಎಂದು ಒಬ್ಬರು ತೀರ್ಮಾನ ಮಾಡಿದರು. ನಮ್ಮನೆಯವರು ಮೆಣಸಿನಕಾಯಿ ಅಗಿಯುತ್ತ, "ಹೌದ್ರಿ, ಜೆರ್ಸಿ ದನಕ್ಕೆ," ಅಂದುಬಿಟ್ಟರು. ಹೆಂಡತಿ ಸಮುದ್ರಕ್ಕೆ ಹೋಗುತ್ತಾಳೆ ಎಂದು ಹೇಳುವುದಕ್ಕಿಂತ ಅವರಿಗೆ ಅದೇ ಸಲೀಸು.

ಸಮುದ್ರ ನೋಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟೊಂದು ನೀರು ಇಲ್ಲಿ ಹೀಗೆ ದಂಡಕ್ಕೆ ಬಿದ್ದಿದೆ, ಒಂದು ಹನಿ ಕುಡಿಯಲು ಬರುವುದಿಲ್ಲ. ಆಮೇಲೆ ಹೆದರಿಕೆ ಬಂತು. ಅಲೆಗಳು ದೂರದಲ್ಲಿ ಸಾಧುವಾಗಿ ಬಂದು, ಹತ್ತಿರ ಬಂದ ಮೇಲೆ ಎದ್ದು ನಿಂತು ಧೊಪ್ಪನೆ ಕುಸಿಯುತ್ತಿದ್ದವು. ಹಿನ್ನೀರಿನ ಅಲೆಗೆ ಇಂಥ ದುರ್ಬುದ್ಧಿ ಇರಲಿಲ್ಲ.

ಕರಾವಳಿಯವನು ಮೂವತ್ತು ದಾಟಿದ, ಬಿಸಿಲಿಗೆ ಕಂದಿದ ಆಳು. ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ ಅರ್ಧ ದಿನ ಕಲಿಸಿದ. ಹೋಗುವಾಗ ಅಲೆಗೆ ಮೂತಿ ಕೊಟ್ಟು ನೇರ ಹೋಗಬೇಕು. ಅಲೆ ಒಡೆಯುವ ಜಾಗ ದಾಟಿ, ದೋಣಿ ತಿರುಗಿಸಿ, ಕಾಯಬೇಕು. ಹಿಂದಿನಿಂದ ಅಲೆ ಎತ್ತಿದಾಗ ಜೋರಾಗಿ ಹುಟ್ಟು ಹಾಕಿ ಅದರ ಜೊತೆ ಓಡಬೇಕು. ದೋಣಿ ಅಡ್ಡ ತಿರುಗಿದರೆ ಹೆದರಿ ದಡದ ಕಡೆ ವಾಲಬಾರದು. ಅಲೆ ಬರುವ ಕಡೆಗೇ ವಾಲಿ, ಹುಟ್ಟನ್ನು ಅದರ ಮೇಲೆ ಒತ್ತಿ ಹಿಡಿಯಬೇಕು. "ನಿಮ್ಮ ದೋಣಿ ಎಡಕ್ಕೇ ತಿರುಗುದು ಅಕ್ಕ, ಹಾಗಾಗಿ ಅಲೆ ಯಾವಾಗ್ಲೂ ಎಡಗಡೆಗೇ ಬರ್ತದೆ. ಎಡಗೈ ಗಟ್ಟಿ ಉಂಟಲ್ಲ?" ಅಂದ.

ನಾನು ಹೌದು ಅಂದೆ. ಗಂಡ ಇಲ್ಲ ಅಂದರು. ಇಬ್ಬರೂ ಒಟ್ಟಿಗೇ ಅಂದೆವು.

ಆಮೇಲೆ ನಮ್ಮನೆಯವರು ಹಗ್ಗ ಬಿಚ್ಚಿ ದೋಣಿಯ ಹಿಂದೆ ಕಟ್ಟತೊಡಗಿದರು.

"ಇದೆಂತ ಮಾರಾಯ್ರೆ, ಎಮ್ಮೆ ಕಟ್ಟುದಾ?" ಎಂದು ಕರಾವಳಿಯವನು ಕೇಳಿದ.

"ಸೇಫ್ಟಿಗೆ."

"ಅಲೆಯಲ್ಲಿ ಹಗ್ಗ ಇರ್ಬಾರ್ದು. ಲೈಫ್ ಜಾಕೆಟ್ ಹಾಕಿದ್ದಾರೆ, ನಾನು ಪಕ್ಕದಲ್ಲೇ ಇರ್ತೇನೆ."

"ನೀವು ನಿಮ್ ಸಮುದ್ರ ನೋಡ್ಕಳ್ರಿ. ಹಗ್ಗದ ವಿಷ್ಯ ನನಗೆ ಬಿಡ್ರಿ. ಮೂವತ್ ವರ್ಷದಿಂದ ನೀರಿಗೆ ಇಳಿಸ್ತಾ ಇದೀನಿ, ಒಂದೂ ಕಳ್ಕಂಡಿಲ್ಲ."

ಅವನು ನನ್ನ ಮುಖ ನೋಡಿದ. ಗಂಡನ ಬುದ್ಧಿ ಗೊತ್ತಿದ್ದ ನಾನು, ಒಂದು ಸಲ ಆಗಲಿ ಬಿಡು ಎಂದು ಕಣ್ಸನ್ನೆ ಮಾಡಿದೆ. ತಪ್ಪು ನನ್ನದೂ ಇದೆ.

ಮೊದಲ ಅಲೆಗೆ ದೋಣಿಯ ಮೂತಿ ಮೇಲೆದ್ದಿತು. ಅಲೆಯ ನೆತ್ತಿ ದಾಟಿ ಆ ಕಡೆ ಇಳಿಯುವಷ್ಟರಲ್ಲಿ ಹಿಂದಿನಿಂದ ಯಾರೋ ಜುಟ್ಟು ಹಿಡಿದು ಜಗ್ಗಿದ ಹಾಗಾಯಿತು. ದೋಣಿ ಹಿಂದಕ್ಕೆ ಜಾರಿ, ಅಡ್ಡಬಿದ್ದು, ಮಗುಚಿತು. ನಾನು ಉಪ್ಪುನೀರು ಕುಡಿದು ಎದ್ದೆ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಮೂಗಿನಿಂದಲೂ ಕುಡಿದೆ. ಆಗ ನನಗೆ ಗೊತ್ತಾಯಿತು. ಅಲೆ ನಮ್ಮಿಬ್ಬರ ನಡುವೆ ಬಂದು ನಾನು ಮರೆಯಾಗುತ್ತಿದ್ದ ಹಾಗೆ ಈ ಮನುಷ್ಯ ಜೀವ ಬಾಯಿಗೆ ಬಂದವರಂತೆ ಹಗ್ಗ ಎಳೆಯುತ್ತಿದ್ದರು. ನನ್ನನ್ನು ಮುಳುಗಿಸುತ್ತಿದ್ದದ್ದು ಸಮುದ್ರವಲ್ಲ, ನನ್ನ ಗಂಡ.

ದೋಣಿಯನ್ನು ದಡಕ್ಕೆ ದರದರ ಎಳೆದುಕೊಂಡು ಬಂದೆ. ಪಿತ್ತ ನೆತ್ತಿಗೇರಿತ್ತು.

"ಅಲೆ ಬಂದಾಗ ಯಾಕ್ರೀ ಎಳೀತೀರಿ?"

"ಕಾಣಂಗಿಲ್ಲ ನೀನು."

"ಕಾಣದಿದ್ರೆ ಸತ್ತೋದೆ ಅಂತನಾ? ಎರಡು ವರ್ಷ ಆತು, ಬಿಂದಿಗೆ ಬೇಡ, ಪೊರಕೆ ಬೇಡ, ಮುಟ್ಟಂಗಿಲ್ಲ, ಬೈಯಂಗಿಲ್ಲ. ನಾನೇನು ನಿಮ್ ಮೋಟ್ರಾ, ಹಗ್ಗ ಕಟ್ಟಿ ಇಳಿಸಾಕೆ?"

"ಮೋಟ್ರು ಹೋದ್ರೆ ಇನ್ನೊಂದ್ ತರ್ತೀನಿ ಕಣೇ."

ಬೇರೆ ಹೊತ್ತಿನಲ್ಲಾಗಿದ್ದರೆ ಈ ಮಾತಿಗೆ ನಾನು ಕರಗಿಹೋಗುತ್ತಿದ್ದೆ. ಆಗ ಮೂಗಿನಲ್ಲಿ ಉಪ್ಪುನೀರು ಸುರಿಯುತ್ತಿತ್ತು, ಚೂಡಿದಾರದ ತುಂಬ ಮರಳಿತ್ತು, ಕರಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಂಡಿಯೂರಿ ಅವರ ಗಂಟಿಗೆ ಕೈ ಹಾಕಿದೆ. ಬೋರ್‌ವೆಲ್‌ನವರ ಗಂಟು ಸುಮ್ಮನೆ ಬಿಚ್ಚುವಂಥದ್ದಲ್ಲ. ಉಗುರು ಮುರಿಯಿತು. ಹಲ್ಲಿನಿಂದ ಕಚ್ಚಿ ಸಡಿಲಿಸಿ, ಎರಡೂ ಕೈಯಲ್ಲಿ ಎಳೆದು ಬಿಚ್ಚಿ, ಹಗ್ಗದ ತುದಿಯನ್ನು ಅವರ ಕಾಲ ಬಳಿ ಎಸೆದೆ.

"ನಾನು ಹೋಗ್ತೀನಿ."

"ಹೋಗು. ನಾನು ನೋಡಲ್ಲ," ಎಂದು ಅವರು ಸಮುದ್ರಕ್ಕೆ ಬೆನ್ನು ಹಾಕಿ ಮರಳಿನಲ್ಲಿ ಕೂತುಬಿಟ್ಟರು.

ಕರಾವಳಿಯವನು ತನ್ನ ದೋಣಿಯಲ್ಲಿ ಪಕ್ಕದಲ್ಲೇ ಬಂದ. ಈ ಸಲ ಅಲೆಯೊಂದು ಎದುರು ಬಂದಾಗ ದೋಣಿ ಅದರ ಮೇಲೇರಿ ಆ ಕಡೆ ಇಳಿದು ಸುಮ್ಮನಾಯಿತು. ಅಷ್ಟೇ. ಯಾರೂ ಜುಟ್ಟು ಹಿಡಿಯಲಿಲ್ಲ. ಇನ್ನೂ ಮೂರು ಅಲೆ ದಾಟಿ, ದೋಣಿ ತಿರುಗಿಸಿ ದಡದ ಕಡೆ ನೋಡಿದೆ. ಭಾಯ್ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದ. ಅವನ ಕಾಲ ಬುಡದಲ್ಲಿ ಒಂದು ಬೆನ್ನು ಕಾಣುತ್ತಿತ್ತು. ಆ ಬೆನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು, ಸಿಟ್ಟಿನಲ್ಲಿ ಹೆದರಿಕೆ ಸ್ವಲ್ಪ ಮರೆತುಹೋಯಿತು.

"ಇದು ಬೇಡ, ಇದೂ ಬೇಡ," ಎಂದು ಕರಾವಳಿಯವನು ಎರಡು ಅಲೆ ಬಿಟ್ಟ. ಮೂರನೆಯದಕ್ಕೆ, "ಹಾಕಿ ಅಕ್ಕ, ಹಾಕಿ ಹಾಕಿ," ಅಂದ.

ಹಾಕಿದೆ. ಹಿಂದಿನಿಂದ ದೋಣಿ ಎದ್ದಿತು. ಮೊದಲು ನಿಧಾನವಾಗಿ, ಆಮೇಲೆ ಒಮ್ಮೆಲೇ, ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲಿನ ಹಾಗೆ ಓಡಿತು. ಕೆಳಗೆ ನೀರು ಭೋರ್ ಅನ್ನುತ್ತಿತ್ತು. ನಾನು ಕಿರುಚಿದೆನೋ, ನಕ್ಕೆನೋ ನೆನಪಿಲ್ಲ. ನನ್ನ ಮೈಯಲ್ಲಿ ಏನಿದೆ ಏನಿಲ್ಲ ಎಂಬ ಲೆಕ್ಕ ಆ ಅಲೆಗೆ ಗೊತ್ತಿರಲಿಲ್ಲ. ಇರುವಷ್ಟನ್ನೂ ಎತ್ತಿಕೊಂಡು ಹೋಯಿತು. ಮೈಯೆಲ್ಲ ಸಂತೋಷ ಅನ್ನುತ್ತಾರಲ್ಲ, ಹಾಗಾಗಿತ್ತು. ಅಷ್ಟರಲ್ಲಿ ದೋಣಿ ತನ್ನ ಸೊಟ್ಟ ಬುದ್ಧಿ ತೋರಿಸಿ ಎಡಕ್ಕೆ ತಿರುಗಿ ಅಲೆಗೆ ಅಡ್ಡವಾಯಿತು. ನೊರೆ ಎಡಗಡೆಯಿಂದ ಹೆಗಲಿನೆತ್ತರ ಬಂತು. ಮೈ ತಾನಾಗಿಯೇ ದಡದ ಕಡೆ ವಾಲಲು ನೋಡಿತು. ಹಲ್ಲು ಕಚ್ಚಿ ಆ ನೊರೆಯ ಕಡೆಗೇ ವಾಲಿ, ಎಡಗೈ ಎತ್ತಿ, ಹುಟ್ಟನ್ನು ಅದರ ಮೇಲೆ ಒತ್ತಿದೆ. ಕಂಕುಳಿನಲ್ಲಿ ಹೊಲಿಗೆಯ ಜಾಗ ಚುರ್ ಅಂದಿತು. ಕೈ ಬಿಡಲಿಲ್ಲ. ಅಲೆ ನನ್ನನ್ನು ಅಡ್ಡಡ್ಡಲಾಗಿಯೇ ತಳ್ಳಿಕೊಂಡು ಬಂದು, ಮೊಣಕಾಲುದ್ದದ ನೀರಿನಲ್ಲಿ, ಮಗುಚದೆ, ಕೂತಂತೆಯೇ ಇಳಿಸಿ ಹೋಯಿತು.

ಭಾಯ್ ಓಡಿ ಬಂದು ದೋಣಿ ಹಿಡಿದುಕೊಂಡ. ಇಷ್ಟು ಹೊತ್ತೂ ನಮ್ಮನೆಯವರು ಬೆನ್ನು ತಿರುಗಿಸಿಕೊಂಡೇ, ಈಗೇನಾಯ್ತು, ಈಗೇನಾಯ್ತು ಎಂದು ಕೇಳುತ್ತಿದ್ದರಂತೆ. ಇವನು ಕ್ರಿಕೆಟ್ ಕಾಮೆಂಟರಿ ಹೇಳಿದ ಹಾಗೆ ಎಲ್ಲ ಒಪ್ಪಿಸುತ್ತಿದ್ದನಂತೆ. "ಅಲೆ ಅಡ್ಡ ಬಂದಾಗ ನಂಗೂ ಮಾತು ನಿಂತೋಯ್ತು ಅಕ್ಕಾ. ಆವಾಗಿಂದ ಅಣ್ಣ ಕೇಳೋದೂ ನಿಲ್ಲಿಸ್ಬಿಟ್ರು," ಅಂದ.

ನಾನು ಹೋಗಿ ಅವರ ಮುಂದೆ ನಿಂತೆ. ಗೆದ್ದು ಬಂದವಳಿಗೆ ಒಂದೆರಡು ಮಾತು ಚುಚ್ಚುವ ಹಕ್ಕಿದೆ ಎಂದುಕೊಂಡು ಬಾಯಿ ತೆರೆದೆ. ಅವರು ತೊಡೆಯ ಮೇಲೆ ಒದ್ದೆ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದರು. ಎದೆಯಲ್ಲಿ ಗಂಟು ಸಿಕ್ಕಿತು ಎಂದ ದಿನ ಅಳದವರು, ಕೂದಲು ಉದುರಿದಾಗ ತಾವೇ ಗುಡಿಸಿ ಎಸೆದವರು, ಈಗ ಭಾಯ್ ಎದುರಿಗೇ, ಮೂಗು ಒರೆಸಿಕೊಳ್ಳುವುದನ್ನೂ ಮರೆತು ಅಳುತ್ತಿದ್ದರು. ನಾನು ಅವರ ಪಕ್ಕ ಕುಸಿದು ಕೂತೆ. ಭಾಯ್ ದೋಣಿ ತೊಳೆಯುವ ನೆಪ ಮಾಡಿಕೊಂಡು ಆ ಕಡೆ ಹೋದ.

ಅವರು ಹಗ್ಗದ ತುದಿ ನೋಡುತ್ತಲೇ ಮಾತಾಡಿದರು.

"ಆಪ್ರೇಷನ್ ದಿನ ನಿನ್ನ ಒಳಗೆ ತಳ್ಕಂಡು ಹೋಗಿ ಬಾಗ್ಲು ಹಾಕ್ಕಂಡ್ರು. ಐದು ತಾಸು ಹೊರಗೆ ನಿಂತಿದ್ದೆ. ಹಿಡ್ಕಳಾಕೆ ನನ್ ಕೈಯಾಗೆ ಏನೂ ಇರ್ಲಿಲ್ಲ."

ಎರಡು ವರ್ಷ ನಾನು ಒಳಗಿದ್ದವಳ ಕತೆಯನ್ನೇ ಸುತ್ತಿ ಸುತ್ತಿ ನೋಡುತ್ತಿದ್ದೆ. ಬಾಗಿಲ ಹೊರಗೆ ಒಬ್ಬರು ನಿಂತಿದ್ದರು ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

ಏಳಬೇಕೆಂದರೆ ಮಂಡಿ ಹಿಡಿದುಕೊಂಡಿತ್ತು. ಎಡಗೈಯನ್ನು ಅವರ ಮುಖದ ಮುಂದೆ ಚಾಚಿದೆ. ಅವರು ಅಭ್ಯಾಸದಂತೆ ಹಿಂದಕ್ಕೆ ಸರಿದು, ನನ್ನ ಬಲಗೈ ಹುಡುಕಿದರು.

"ಇದನ್ನೇ ಹಿಡ್ಕಂಡು ಎಳೀರಿ," ಅಂದೆ. "ಕಿತ್ಕಂಡು ಬರಲ್ಲ."

ಅವರು ಹಗ್ಗ ಬಿಟ್ಟು, ಎದ್ದು ನಿಂತು, ಎಳೆದರು.